ಕೋರ್ ಭಟ್ಟಿಯ ಮೇಲೆ ಇಟ್ಟ ಸೌತೆ ಬೀಜ

ಈಗ ಮಾಲಿ ಅಂತ ಯಾರೂ ಕರೆಯುವುದಿಲ್ಲವಂತೆ. ಗಾರ್ಡನ್ ಸೂಪರ್‌ವೈಸರ್ ಅನ್ನುತ್ತಾರಂತೆ, ಕೊರಳಿಗೆ ಫೋಟೊ ಇರುವ ಕಾರ್ಡು ತೂಗಿಬಿಡುತ್ತಾರಂತೆ. ಸಂತೋಷ. ನನ್ನ ಕೊರಳಲ್ಲಿ ಇದ್ದದ್ದು ಬೆವರು ಒರೆಸುವ ಒಂದು ಟವೆಲ್ಲು. ಅದನ್ನೇ ಸುತ್ತಿಕೊಂಡು ಬೆಳಗಾವಿಯ ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕಳೆದೆ.

ನಿವೃತ್ತನಾಗಿ ಖಾನಾಪುರದ ಮನೆಯಲ್ಲಿ ಕೂತಿರುವ ನನ್ನ ಹತ್ತಿರ ಹೋದ ತಿಂಗಳು ತೋಟಗಾರಿಕೆ ತರಬೇತಿಯ ನಾಲ್ಕು ಜನ ಬಂದಿದ್ದರು. "ಕೆಟ್ಟ ಬ್ಯಾಸಗ್ಯಾಗ ಕಾಯಿಪಲ್ಲೆ ಹೆಂಗ ಉಳಸ್ತಿದ್ರಿ, ಹೇಳ್ರಿ ಅಜ್ಜಾರ" ಅಂದರು. ಅಜ್ಜಾರ! ಇರಲಿ. ಚಹಾ ಕುಡಿಸಿ ಎರಡು ತಾಸು ಮಾತಾಡಿದೆ. ಅವರು ಬರೆದುಕೊಂಡದ್ದು ಔಷಧದ ಹೆಸರು, ಎಷ್ಟು ನೀರಿಗೆ ಎಷ್ಟು ಅನ್ನುವ ಲೆಕ್ಕ, ಅಷ್ಟೇ. ಉಳಿದದ್ದನ್ನೆಲ್ಲ ಗಾಳಿಗೆ ಬಿಟ್ಟು ಹೋದರು. ನನಗೆ ಸಿಟ್ಟು ಬಂತು. ಹಾಗಾಗಿ ಆ ಉಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹೆಸರು ಬಸವಂತ, ಬರೆದು ರೂಢಿ ಇಲ್ಲದವನು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಕಾರ್ಖಾನೆಯ ಮುಂದೆ ಒಂದು ಹುಲ್ಲುಹಾಸು, ಹಿಂದೆ ಒಂದು ಬಯಲು. ಹುಲ್ಲುಹಾಸು ನೋಡಲು ಬಂದವರಿಗೆ, ಬಯಲು ನಮಗೆ. ಹಳೆಯ ಮಾಲೀಕರು ಆ ಬಯಲನ್ನು ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ಪಟ್ಟಿಗಳಾಗಿ ಹರಿದು, ಬೇಕೆಂದ ಕೆಲಸಗಾರರಿಗೆ ಮನೆಗೊಂದರಂತೆ ಕೊಟ್ಟಿದ್ದರು. ಕಾಯಿಪಲ್ಲೆ ಬೆಳೆದುಕೊಳ್ಳಿ, ಮನೆಗೆ ಒಯ್ಯಿರಿ, ಜಗಳ ಮಾಡಬೇಡಿ, ಇಷ್ಟೇ ಕರಾರು. ಜಗಳ ಮಾಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬೋರಿನ ನೀರನ್ನು ಪಾಳಿಯಂತೆ ಹಂಚುವುದೂ ನನ್ನದೇ. ನೀರು ಹಂಚುವವನಿಗೆ ಗೆಳೆಯರು ಇರುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡು ಕೆಲಸಕ್ಕೆ ಸೇರಿ.

ಮೊದಲ ವರ್ಷವೇ ನಾನು ಮಾಡಿದ ಘನಕಾರ್ಯ ಕೇಳಿ. ಎರಕ ಹೊಯ್ದು ಬಿಸಾಡಿದ ಕರಿ ಮರಳು ಕಾರ್ಖಾನೆಯ ಹಿಂದೆ ಗುಡ್ಡೆ ಬಿದ್ದಿತ್ತು. ನಮ್ಮ ಮಣ್ಣು ಜಿಗುಟು, ಮರಳು ಬೆರೆಸಿದರೆ ಸಡಿಲಾಗುತ್ತದೆ ಅಂತ ನನ್ನ ತಲೆ ಓಡಿತು. ಹತ್ತು ಗಾಡಿ ಹೇರಿಸಿ ನನ್ನ ಮಡಿಗಳಿಗೆ ಹಾಕಿಸಿದೆ. ಒಂದು ಮಳೆ ಬಿದ್ದು ಬಿಸಿಲು ಬಂದದ್ದೇ ತಡ, ಮಡಿ ಎಲ್ಲ ಡಾಂಬರು ರಸ್ತೆ. ಮೂಲಂಗಿ ಕಿತ್ತರೆ ಹೆಬ್ಬೆರಳಿನಷ್ಟು. ಕೋರ್ ಭಟ್ಟಿಯ ಮಾರುತಿ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಇಡೀ ಶಿಫ್ಟು ತಿರುಗಿದ. "ಕಾಕಾ, ಬೀಡಿ ಛಲೋ ಬೆಳದೀರಿ" ಅಂದ. ಆ ವರ್ಷವೆಲ್ಲ ನಾನು ಊಟದ ಹೊತ್ತಿನಲ್ಲಿ ಕ್ಯಾಂಟೀನಿಗೆ ಹೋಗಲಿಲ್ಲ.

ಮಾರುತಿಯ ಹೆಸರು ಬಂತಲ್ಲ, ಕೋರ್ ಭಟ್ಟಿ ಎಂದರೇನು ಎಂದು ಹೇಳಿಬಿಡುತ್ತೇನೆ. ಎರಕದ ಒಳಗೆ ಪೊಳ್ಳು ಬೇಕಾದ ಕಡೆ ಮರಳಿನ ಅಚ್ಚು ಇಡುತ್ತಾರೆ, ಅದಕ್ಕೆ ಕೋರ್ ಅನ್ನುತ್ತಾರೆ. ಅದನ್ನು ಬೇಯಿಸುವ ದೊಡ್ಡ ಕಬ್ಬಿಣದ ಒಲೆಯೇ ಕೋರ್ ಭಟ್ಟಿ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತು, ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಆಗ ಆ ಭಟ್ಟಿಯ ನೆತ್ತಿಯೇ ನಮಗೆಲ್ಲ ಬಿಸಿಲು. ತೊಯ್ದ ಟೊಪ್ಪಿಗೆ, ಕಾಲುಚೀಲ, ಬೀಡಿ ಕಟ್ಟು, ತಣ್ಣಗಾದ ಬುತ್ತಿ ಎಲ್ಲ ಅದರ ಮೇಲೆ. ಭಟ್ಟಿ ಆರಿಸಿದ ಮೇಲೂ ಅದರ ನೆತ್ತಿ ಬೆಚ್ಚಗೇ ಇರುತ್ತಿತ್ತು.

ಪಟ್ಟಿಗಳಲ್ಲಿ ಎಲ್ಲರಿಗಿಂತ ಚೆಂದ ಇದ್ದದ್ದು ರಾಜಮಾ ಭಾಬಿಯದು. ಎರಕದ ಅಚ್ಚು ಮಾಡುವ ದಸ್ತಗೀರನ ಹೆಂಡತಿ. ಶಿವಬಸವ ನಗರದ ಒಂದು ಹಾಸ್ಟೆಲಿನಲ್ಲಿ ಬೆಳಗಿನ ಅಡುಗೆ ಮುಗಿಸಿ, ಹನ್ನೊಂದರ ಬಸ್ಸಿಗೆ ಬಂದು ಪಟ್ಟಿಯಲ್ಲಿ ಕೂತರೆ ಏಳುತ್ತಿರಲಿಲ್ಲ. ಎಲ್ಲರೂ ಅಂಗಡಿಯ ಪಾಕೀಟಿನ ಬೀಜ ಹಾಕಿದರೆ ಭಾಬಿಯ ಬೇಸಿಗೆ ಸೌತೆ ಮಾತ್ರ ಮನೆಯ ಬೀಜದ್ದು. ಗೇಣುದ್ದ, ತಿಳಿಹಸಿರು, ಮೈಮೇಲೆ ಬಿಳಿ ಗೆರೆ. ಬಿಸಿಲು ಜೋರಾದರೆ ಉಳಿದವರ ಸೌತೆ ಕಹಿ ಬಂದು ಉಗುಳಬೇಕು. ಇದು ಎಂಥ ಬಿಸಿಲಿಗೂ ಕಹಿ ಬರುತ್ತಿರಲಿಲ್ಲ. ರೊಟ್ಟಿಯ ಜೊತೆ ಉಪ್ಪು ಖಾರ ಹಚ್ಚಿ ಕಡಿದರೆ, ಆಹಾ, ಈಗಲೂ ಬಾಯಲ್ಲಿ ನೀರು ಬರುತ್ತದೆ.

ಆ ಬೀಜ ಖಾನಾಪುರದ ಕೆಳಗೆ ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿದ್ದ ಭಾಬಿಯ ತಾಯಿಯದು. ಅವರ ಮನೆಯಲ್ಲಿ ಒಂದು ಪದ್ಧತಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿನ ತುದಿಗೆ ಆ ಸೌತೆಯ ಬೀಜ ಗಂಟು ಹಾಕಿ ಕಳಿಸುತ್ತಿದ್ದರು. ಭಾಬಿಯೂ ಹಾಗೆಯೇ ತಂದಿದ್ದಳು. ತಾಯಿ ತೀರಿಕೊಂಡ ಮೇಲೆ ಅಣ್ಣಂದಿರು ಹೊಲಕ್ಕೆಲ್ಲ ಕಬ್ಬು ಹಚ್ಚಿದರು. ಆ ಬೀಜ ಭಾಬಿಯ ಹತ್ತಿರ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ. ಮಗಳು ಶಾಹೀನಳ ಮದುವೆ ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಅಂತ ಗೊತ್ತಾಗಿತ್ತು. "ಬಂಗಾರ ಎಷ್ಟ ಆಗತೈತೋ ಅಲ್ಲಾನ ಬಲ್ಲ. ಬೀಜ ಅಂತೂ ತಯಾರ ಐತಿ" ಅಂತ ನಗುತ್ತಿದ್ದಳು.

ಆ ಬೇಸಿಗೆಯ ಬೀಜ ತೊಳೆದು ಒಣಗಿಸುವಾಗ ನಾನು ಕೈ ಹಾಕಿದೆ. ಸಹಾಯ ಮಾಡೋಣ ಅಂತ. ಒಂದು ಮುಷ್ಟಿ ಬೀಜವನ್ನು ಹಳೆಯ ವರ್ತಮಾನ ಪತ್ರಿಕೆಯ ಮೇಲೆ ಹರಡಿ ನನ್ನ ಸಾಮಾನಿನ ಶೆಡ್ಡಿನಲ್ಲಿ ಇಟ್ಟೆ. ಮರುದಿನ ನೋಡಿದರೆ ಬೀಜವೆಲ್ಲ ಕಾಗದಕ್ಕೆ ಗೋಂದು ಹಚ್ಚಿದ ಹಾಗೆ ಅಂಟಿಬಿಟ್ಟಿವೆ. ಭಾಬಿ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಪೇಪರ್ ಮ್ಯಾಲೆ ಯಾರರ ಬೀಜಾ ಒಣಗಸ್ತಾರೇನ್ರಿ ಅಣ್ಣಾ? ಅರಿವಿ ಮ್ಯಾಲೆ ಹಾಕಬೇಕು, ಅರಿವಿ! ಇಷ್ಟ ವರ್ಷ ಮಾಲಿ ಕೆಲಸಾ ಮಾಡಿ ಇದೂ ಗೊತ್ತಿಲ್ಲ?"

ಉಗುರಿನಿಂದ ಕೆರೆದು ಬಿಡಿಸಿದಷ್ಟು ಬಿಡಿಸಿಕೊಂಡಳು. ಉಳಿದ ಕಾಗದವನ್ನು ನಾನು ಮುದ್ದೆ ಮಾಡಿ, ಶೆಡ್ಡಿನ ಸೂರಿನ ಕೆಳಗೆ ಮಳೆ ತಾಗದ ಕಿಟಕಿಯ ಒಡಕಿಗೆ ತುರುಕಿದೆ, ಧೂಳು ಬರಬಾರದೆಂದು.

ಜೋರು ಮಳೆ ಹಿಡಿಯಿತು. ಒಂದು ದಿನ ಭಾಬಿ ಡಬ್ಬಿ ಹಿಡಿದುಕೊಂಡು ಬಂದಳು. "ಅಣ್ಣಾ, ಬೀಜಕ್ಕ ಥಂಡಿ ಹಿಡದೈತಿ. ವಾಸನಿ ನೋಡ್ರಿ." ಹೌದು, ಮುಗ್ಗಲು ವಾಸನೆ. ನಾನು ಶಾಣ್ಯಾನ ಹಾಗೆ "ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ ಭಾಬಿ, ಇಲ್ಲಿ ಕೊಡ್ರಿ" ಅಂದೆ. ಭಟ್ಟಿ ಆಗ ತಾನೇ ಆರಿತ್ತು. ಡಬ್ಬಿಯ ಬೀಜವನ್ನೆಲ್ಲ ತಗಡಿನ ತಟ್ಟೆಯಲ್ಲಿ ಹರಡಿ, ಎಲ್ಲರ ಕಾಲುಚೀಲದ ಪಕ್ಕದಲ್ಲಿ, ಅದರ ನೆತ್ತಿಯ ಮೇಲೆ ಇಟ್ಟೆ. ಅರ್ಧ ತಾಸು ಬೆಚ್ಚಗಾದರೆ ಸಾಕು. ಆಮೇಲೆ ಮಳೆ ನಿಂತಂತಾಯಿತು, ಖಾನಾಪುರದ ಬಸ್ಸು ಬಂತು, ನಾನು ಓಡಿಹೋಗಿ ಹತ್ತಿ ಕೂತೆ. ಬೀಜ ನೆನಪಾದದ್ದು ಮರುದಿನ ಬೆಳಿಗ್ಗೆ, ಕಾರ್ಖಾನೆಯ ಗೇಟಿನಲ್ಲಿ.

ಅಷ್ಟರಲ್ಲಿ ಮಾರುತಿ ಭಟ್ಟಿ ಹೊತ್ತಿಸಿ ಮೂರು ತಾಸಾಗಿತ್ತು. ತಟ್ಟೆ ಇಳಿಸಿದಾಗ ಹುರಿದ ಶೇಂಗಾದ ಘಮ. ಮಾರುತಿಯ ಮೇಲೆ ಹರಿಹಾಯ್ದೆ. ಅವನೇನು ಬಿಡುವವನೇ? "ಕಾಕಾ, ಭಟ್ಟಿ ಇರೂದ ಕಾಯಿಸಾಕ. ನೀವ ಬೀಜಾ ಇಟ್ಟು ಮನಿಗಿ ಹೋದ್ರ ನಾ ಏನ ಮಾಡ್ಲಿ? ಖರೇ ಹೇಳ್ರಿ, ತಪ್ಪ ಯಾರದು?" ತಪ್ಪು ನನ್ನದೇ. ಅವನು ಹೇಳಿದ್ದು ಸರಿ ಎಂದು ಗೊತ್ತಾಗಿಯೇ ಸಿಟ್ಟು ಇನ್ನೂ ಏರಿತು. ನಾವಿಬ್ಬರೂ ಆ ದಿನದಿಂದ ಮಾತು ಬಿಟ್ಟೆವು.

ಆದರೂ ಆಸೆ ಬಿಡುವುದಿಲ್ಲವಲ್ಲ. ಒಂದು ಮುಷ್ಟಿ ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ವಾರ ಕಾದೆ. ಒಂದೂ ಮೊಳೆಯಲಿಲ್ಲ. ಭಾಬಿಗೆ ಹೇಳಿದಾಗ ಆಕೆ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. "ನಮ್ಮ ಅವ್ವನ ಕೈಯಿಂದ ಬಂದದ್ದ ಅದೊಂದ ಇತ್ರಿ" ಅಂದು ಖಾಲಿ ಡಬ್ಬಿ ತೆಗೆದುಕೊಂಡು ಹೋದಳು. ನಾನು ಖಾನಾಪುರದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬೊಬ್ಬ ಹೆಂಗಸನ್ನೂ ಕೇಳಿದೆ, ಭಾಬಿಯ ತವರಿನ ಹಳ್ಳಿಗೆ ಎರಡು ಸಲ ಹೋಗಿಬಂದೆ. ಎಲ್ಲ ಕಡೆ ಪಾಕೀಟಿನ ಬೀಜವೇ. ಊಟ ಸೇರುತ್ತಿರಲಿಲ್ಲ. ನನ್ನ ಹೆಂಡತಿ "ಸೌತಿಕಾಯಿಗೆ ಸೂತಕಾ ಹಿಡದೀರೇನು?" ಅಂತ ಕೇಳಿದಳು. ನಗು ಬರಲಿಲ್ಲ.

ಮಳೆಗಾಲ ಮುಗಿದ ಮೇಲೆ ಶೆಡ್ಡು ಗುಡಿಸಲು ಹೋದೆ. ಕಿಟಕಿಯ ಒಡಕಿನಿಂದ ಆ ಕಾಗದದ ಮುದ್ದೆ ಕಿತ್ತು ಬಿಸಾಡಬೇಕು, ಬೆರಳಿಗೆ ಏನೋ ಗರಗರ ಅಂತು. ಬಿಡಿಸಿ ನೋಡಿದರೆ ಕಾಗದಕ್ಕೆ ಅಂಟಿಕೊಂಡೇ ಹದಿನಾಲ್ಕು ಬೀಜ. ಭಾಬಿಯ ಉಗುರಿಗೆ ಸಿಗದೆ ಉಳಿದವು. ನಾನು ಅಲ್ಲಿಯೇ ಕಸಬರಿಗೆ ಒಗೆದು ನೆಲಕ್ಕೆ ಕೂತುಬಿಟ್ಟೆ. ಯಾವ ದಡ್ಡತನಕ್ಕೆ ಬೈಸಿಕೊಂಡಿದ್ದೆನೋ ಅದೇ ದಡ್ಡತನ ಬೀಜ ಉಳಿಸಿತ್ತು.

ಈ ಸೌತೆಯನ್ನು ಮಳೆಗಾಲಕ್ಕೆ ಹಾಕುವಂತಿಲ್ಲ, ಬಳ್ಳಿ ಕೊಳೆಯುತ್ತದೆ. ಬೇಸಿಗೆಯೇ ಬೇಕು. ಚಳಿ ಕಡಿಮೆಯಾದ ಕೂಡಲೇ ಭಾಬಿಯ ಪಟ್ಟಿಯಲ್ಲಿ ಹಾಕಿದೆವು. ಹದಿನಾಲ್ಕರಲ್ಲಿ ಒಂಬತ್ತು ಎದ್ದವು. ಅದೇ ವರ್ಷ ಬಿಸಿಲು ಹುಚ್ಚು ಹಿಡಿದಂತೆ ಬಂತು. ಶಿವರಾತ್ರಿ ದಾಟುವುದರೊಳಗೆ ಬೋರು ಒಂದು ಗಳಿಗೆ ನೀರು ಕೊಟ್ಟು ಆಮೇಲೆ ಬರೀ ಗಾಳಿ ಉಗುಳತೊಡಗಿತು. ಖಾನಾಪುರದಲ್ಲಿ ಮಲಪ್ರಭೆಯೇ ಅಲ್ಲೊಂದು ಇಲ್ಲೊಂದು ಹೊಂಡವಾಗಿ ನಿಂತಿತ್ತು. ಪಟ್ಟಿಗಳ ಜನ ಒಬ್ಬೊಬ್ಬರಾಗಿ ಕೈಚೆಲ್ಲಿದರು.

ಹುಡುಗರೇ, ಇಲ್ಲಿ ಔಷಧ ಇಲ್ಲ, ಮಡಕೆ ಇದೆ. ನಮ್ಮೂರ ಕುಂಬಾರರ ಹತ್ತಿರ ಬಣ್ಣ ಹಚ್ಚದ ಒಂಬತ್ತು ಕೆಂಪು ಮಡಕೆ ತೆಗೆದುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ "ಇದೇನ ಮದವಿ ಸಾಮಾನೇನ್ರಿ?" ಅಂದ. "ಹೌದಪಾ, ಮದವಿದ ಐತಿ" ಅಂದೆ. ಸುಳ್ಳಲ್ಲವಲ್ಲ. ಮಡಕೆಯನ್ನು ಬಳ್ಳಿಯ ಬುಡದ ಪಕ್ಕ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚು ಮುಚ್ಚಬೇಕು. ನೀರು ಮಡಕೆಯ ಮೈಯಿಂದ ಜಿನುಗಿ ಬೇರಿಗೆ ಹೋಗುತ್ತದೆ. ಒಂದು ಸಲ ತುಂಬಿದರೆ ಎರಡು ಮೂರು ದಿನ ನೋಡಬೇಕಿಲ್ಲ. ಈಗಿನ ಡ್ರಿಪ್ಪು ಮಾಡುವುದೂ ಇದನ್ನೇ, ಅದು ಪೈಪಿನಿಂದ ಮಾಡುತ್ತದೆ. ನಾನು ಡ್ರಿಪ್ಪನ್ನೂ ಹಾಕಿಸಿದವನೇ, ಬೇಡ ಅನ್ನುವುದಿಲ್ಲ.

ಮಣ್ಣು ಕಾಯಬಾರದೆಂದು ಕಬ್ಬಿನ ರವದಿ, ಅಂದರೆ ಒಣ ಗರಿ, ತಂದು ಬುಡಕ್ಕೆಲ್ಲ ದಪ್ಪಗೆ ಹೊದಿಸಿದೆ. ಅದರ ಜೊತೆ ಗೆದ್ದಲೂ ಬಂತು. ಎರಡು ದಿನ ರಜೆ ಹಾಕಿ ಬರುವಷ್ಟರಲ್ಲಿ ಮೂರು ಬಳ್ಳಿಯ ಬೇರು ತಿಂದಿದ್ದವು. ರವದಿ ಎತ್ತಿ ಬಿಸಾಡಿ, ಒಲೆಬೂದಿ ಚೆಲ್ಲಿ, ಮತ್ತೆ ತೆಳ್ಳಗೆ ಹೊದಿಸಿದೆವು. ಆರು ಉಳಿದವು.

ಬಳ್ಳಿ ಚಪ್ಪರಕ್ಕೆ ಏರಿ ಹೂವು ಬಿಟ್ಟವು. ಹಳದಿ ಹೂವು, ತುಂಬಾ ಹೂವು, ಎಲ್ಲ ಗಂಡು ಹೂವು! ಸೌತೆಯ ಹೆಣ್ಣು ಹೂವಿನ ಹಿಂದೆ ಕಿರುಬೆರಳ ತುದಿಯಷ್ಟು ಕಾಯಿ ಮೊದಲೇ ಇರುತ್ತದೆ. ಬಿಸಿಲು ಅತಿಯಾದರೆ ಬಳ್ಳಿ ಹೆಣ್ಣು ಹೂವು ಬಿಡುವುದೇ ಇಲ್ಲ. ಭಾಬಿ ದಿನಾ ಬಂದು ಕೇಳುವುದು, "ಇವತ್ತರ ಬಂದಾಳೇನ್ರಿ?"

"ಇಲ್ರಿ ಭಾಬಿ, ಬರೇ ಗಂಡಸ್ರ."

"ಮದುಮಗಳ ಇಲ್ದ ಮದವಿಮನಿ ಆತಲ್ರಿ ಇದು!" ಅಂತ ನಗುತ್ತಿದ್ದಳು, ಆದರೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುವುದೂ ಕಾಣುತ್ತಿತ್ತು. ಮದುವೆಗೆ ಎರಡೂವರೆ ತಿಂಗಳು ಉಳಿದಿತ್ತು. ಬೀಜದ ಕಾಯಿ ಬಲಿಯಲು ಒಂದೂವರೆ ತಿಂಗಳಾದರೂ ಬೇಕು.

ಬಳ್ಳಿಗೆ ತಂಪು ಬೇಕು, ಅಂದರೆ ಹೆಚ್ಚು ನೀರು ಬೇಕು. ನೀರು ಇದ್ದದ್ದು ಒಂದೇ ಕಡೆ. ಮುಂದಿನ ಹುಲ್ಲುಹಾಸಿಗೆಂದು ದಿನಾ ಟ್ಯಾಂಕರಿನಿಂದ ಒಂದು ಡ್ರಮ್ಮು ಇಳಿಯುತ್ತಿತ್ತು. ನಾನು ಅದನ್ನು ಹಿಂದಕ್ಕೆ ಉರುಳಿಸಿದೆ. ಮಡಕೆಗಳಿಗೆ ದಿನಾ ಹಾಕಿದೆ, ಚಪ್ಪರದ ಮೇಲೆ ಹಳೆ ಗೋಣಿಚೀಲ ಹೊದಿಸಿ ಅವುಗಳನ್ನು ತೋಯಿಸಿದೆ. ಹತ್ತು ದಿನದಲ್ಲಿ ಹುಲ್ಲುಹಾಸು ಹಳದಿಯಾಯಿತು. ಮ್ಯಾನೇಜರ್ ಜೋಶಿ ಸಾಹೇಬರು ಕರೆಸಿದರು. ಬೂಟಿಗೆ ಧೂಳು ಹತ್ತಿದರೆ ಊಟ ಬಿಡುವ ಮನುಷ್ಯ. ಆ ವಾರ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬರುವವರಿದ್ದರು.

"ಬಸವಂತ, ಲಾನ್ ಯಾಕ ಸುಟ್ಟೈತಿ? ನೀರ ಎಲ್ಲಿ ಹೋಗ್ತದ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಭಟ್ಟಿಯಿಂದ ಹಿಡಿದು ಎಲ್ಲ ಹೇಳಿದೆ. ಕೆಲಸ ಹೋಯಿತು ಅಂತಲೇ ನಿಂತಿದ್ದೆ. ಸಾಹೇಬರು ಎದ್ದರು. "ನಡೀ, ತೋರ್ಸು." ಆ ಬೂಟಿನಲ್ಲೇ ಬಯಲಿಗೆ ಬಂದರು, ಚಪ್ಪರದ ಕೆಳಗೆ ಬಗ್ಗಿದರು. "ಇದರಾಗ ಹೆಣ್ಣ ಹೂವ ಯಾವುದು?" ತೋರಿಸೋಣ ಅಂತ ಎಲೆ ಸರಿಸುತ್ತ ಹೋದೆ, ನನಗೂ ಗೊತ್ತಿಲ್ಲದೆ ಅಲ್ಲೊಂದು ಮೊಗ್ಗು ಬಂದಿತ್ತು! ಹಿಂದೆ ಪುಟ್ಟ ಕಾಯಿ, ಮೈಮೇಲೆ ಬಿಳಿ ಗೆರೆ. "ಇದ ನೋಡ್ರಿ ಸಾಹೇಬ್ರ, ಇದ!" ಅಂತ ನಾನು ಕೂಗಿದ್ದು ಭಟ್ಟಿಯವರೆಗೂ ಕೇಳಿಸಿತಂತೆ. ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡು ಅಂದರು, "ಗಿರಾಕಿಗೋಳ ನಮ್ಮ ಹುಲ್ಲ ಕೊಳ್ಳಾಕ ಬರಾಂಗಿಲ್ಲ. ಡ್ರಮ್ ಇಲ್ಲೇ ಇರ್ಲಿ." ಮೇಲಿನವರಲ್ಲಿ ನಾನು ಕಂಡ ದೊಡ್ಡ ಮನುಷ್ಯ ಆತನೇ.

ಇನ್ನೊಂದು ಗಂಡಾಂತರ ಬಾಕಿ ಇತ್ತು. ಹಿಂದಿನ ವರ್ಷಗಳಲ್ಲಿ ಭಾಬಿಯ ಸೌತೆ ಉಳಿದವರದಕ್ಕಿಂತ ಮೊದಲೇ ಕಾಯಿ ಕಟ್ಟುತ್ತಿತ್ತು, ಈ ಸಲ ತಡವಾಗಿತ್ತು. ಎರಡು ಪಟ್ಟಿ ಆಚೆ, ಮಾರುತಿ ತನ್ನ ಪಾಳಿಯ ಅಷ್ಟಿಷ್ಟು ನೀರಿನಲ್ಲೇ ಉಳಿಸಿಕೊಂಡಿದ್ದ ಪಾಕೀಟಿನ ಸೌತೆ ಹೂಬಿಟ್ಟು ನಿಂತಿತ್ತು. ಜೇನು ಅಲ್ಲಿಯ ಹೂವಿನ ಪುಡಿ ತಂದು ಇಲ್ಲಿ ಬೆರೆಸಿದರೆ ಕಾಯಿಯೇನೋ ಆಗುತ್ತದೆ, ಅದರ ಬೀಜ ಮಾತ್ರ ಭಾಬಿಯ ತಾಯಿಯ ಬೀಜ ಆಗುವುದಿಲ್ಲ. ಮಾತು ಬಿಟ್ಟವನ ಹತ್ತಿರ ನಾನೇ ಹೋದೆ. "ನಿನ್ನ ಬಳ್ಳಿ ಕೀಳೋ ಮಾರುತಿ" ಅಂದೆ. "ತುಂಬಿ ಕಾಯಿ ಬಿಟ್ಟ ಬಳ್ಳಿ ಕೀಳಾಕ ನನಗೇನ ಹುಚ್ಚ ಹಿಡದೈತೇನ್ರಿ ಕಾಕಾ?" ಅಂದ. ಅವನ ಕಡೆಯಿಂದ ನೋಡಿದರೆ ಅದೂ ಸರಿಯೇ.

ಹಾಗಾಗಿ ದಾರ ಹಿಡಿದೆ. ನಾಳೆ ಅರಳುವ ಮೊಗ್ಗು ಸಂಜೆಯೇ ಗೊತ್ತಾಗುತ್ತದೆ, ತುದಿ ಹಳದಿ ತಿರುಗಿರುತ್ತದೆ. ಹೆಣ್ಣು ಮೊಗ್ಗಿನ ತುದಿಗೂ, ಅದೇ ಚಪ್ಪರದ ಗಂಡು ಮೊಗ್ಗಿನ ತುದಿಗೂ ದಾರ ಕಟ್ಟಬೇಕು. ಬೆಳಿಗ್ಗೆ ಬೇಗ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು, ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿ, ಮತ್ತೆ ಕಟ್ಟಬೇಕು. ಮೊದಲ ಬಸ್ಸಿಗೆ ಬಂದು ಇದನ್ನು ಮಾಡುತ್ತಿದ್ದೆ. ನನ್ನ ಬೆರಳು ದಪ್ಪ, ಮೊದಲ ಹೆಣ್ಣು ಹೂವು, ಸಾಹೇಬರಿಗೆ ತೋರಿಸಿದ್ದೇ, ಕೈಯಲ್ಲಿ ಮುರಿದುಬಂತು. ಅಯ್ಯೋ ದೇವರೇ ಅಂತ ಹಣೆ ಚಚ್ಚಿಕೊಂಡೆ. ತಲೆ ಎತ್ತಿದರೆ ಬದುವಿನ ಮೇಲೆ ಮಾರುತಿ ನಿಂತಿದ್ದ, ಬೆಳಗಿನ ಶಿಫ್ಟಿಗೆ ಬಂದವನು. ನಗುತ್ತಾನೆ ಅಂದುಕೊಂಡೆ. ಅವನು ತಿರುಗಿ ಭಟ್ಟಿಯ ಕಡೆ ನಡೆದುಬಿಟ್ಟ.

ಮರುದಿನ ಬಂದು ನೋಡಿದರೆ ಅವನ ಪಟ್ಟಿ ಬೋಳು. ಒಂದು ಬಳ್ಳಿಯೂ ಇಲ್ಲ. ಭಟ್ಟಿಯ ಹತ್ತಿರ ಓಡಿದೆ. "ಮಾರುತಿ, ಬಳ್ಳಿ?"

"ಎಮ್ಮಿ ಭಾಳ ಹಸದಿತ್ರಿ ಕಾಕಾ" ಅಂದ, ಮುಖ ಆಚೆ ತಿರುಗಿಸಿ. ನಾನು ಅವನನ್ನು ತಬ್ಬಿಕೊಂಡೆ. ಅವನ ಮೈಮೇಲಿನ ಮಸಿಯೆಲ್ಲ ನನ್ನ ಅಂಗಿಗೆ. ಆ ದಿನದಿಂದ ಅವನ ಪಾಳಿಯ ನೀರೂ ಭಾಬಿಯ ಮಡಕೆಗಳಿಗೇ ಬಂತು, ಅದನ್ನು ನೋಡಿ ಉಳಿದ ಪಟ್ಟಿಯವರೂ ಹೋಗುವಾಗ ಒಂದೊಂದು ತಂಬಿಗೆ ಹಾಕತೊಡಗಿದರು.

ನಾಲ್ಕು ಕಾಯಿ ನಿಂತವು. ಅವಕ್ಕೆ ಭಾಬಿ ಕೆಂಪು ಅರಿವೆಯ ಚೂರು ಕಟ್ಟಿದಳು, ಬೀಜದ ಕಾಯಿ ಎಂದು ಎಲ್ಲರಿಗೂ ಗೊತ್ತಾಗಲಿ, ಯಾರೂ ಕೀಳದಿರಲಿ ಅಂತ. ಒಂದು ಕಾಯಿ ಕೊಳೆಯಿತು. ಮೂರು ಬಲಿತು, ಹಳದಿಯಾಗಿ, ಕೊನೆಗೆ ಕಂದು ಬಣ್ಣಕ್ಕೆ ತಿರುಗಿದವು. ಕಾಯಿ ಸೀಳಿ, ತಿರುಳನ್ನು ನೀರಿನಲ್ಲಿ ಎರಡು ದಿನ ನೆನೆಸಿಟ್ಟಳು. ಗಟ್ಟಿ ಬೀಜ ತಳಕ್ಕೆ ಇಳಿದವು. ಒಣಗಿಸುವಾಗ ನಾನು ಹತ್ತಿರ ಹೋದೆ. "ದೂರ ನಿಂದರ್ರಿ ಅಣ್ಣಾ, ಕೈಮುಗಿತೀನಿ!" ಅಂದಳು. ಅರಿವೆಯ ಮೇಲೆ ಒಣಗಿದವು.

ಮಳೆಗೆ ಇನ್ನೂ ವಾರವಿದ್ದಾಗ ಮದುವೆ. ನಾನು, ಹೆಂಡತಿ, ಮಾರುತಿ, ಜೋಶಿ ಸಾಹೇಬರು ಎಲ್ಲ ಹೋಗಿದ್ದೆವು. ಮಗಳನ್ನು ಕಳಿಸುವ ಹೊತ್ತಿಗೆ ಭಾಬಿ ಶಾಹೀನಳ ಸೆರಗಿನ ತುದಿ ಹಿಡಿದು ಗಂಟು ಹಾಕಿದಳು. ನನ್ನ ಹೆಂಡತಿ ಅತ್ತಳು, ನಾನು ಟವೆಲ್ಲು ಹುಡುಕಿದೆ, ಮದುವೆಗೆ ಬಂದಿದ್ದೆನಲ್ಲ, ಕೊರಳಲ್ಲಿ ಇರಲಿಲ್ಲ.

ಹೊರಡುವಾಗ ಭಾಬಿ ನನ್ನನ್ನು ನಿಲ್ಲಿಸಿದಳು. ಕೆಂಪು ಅರಿವೆಯ ಇನ್ನೊಂದು ಗಂಟು ನನ್ನ ಅಂಗೈಯಲ್ಲಿ ಇಟ್ಟಳು. ಉಳಿದ ಬೀಜದಲ್ಲಿ ಅರ್ಧ.

"ನನ್ನ ಕೈಯಾಗ ಮತ್ತ ಕೊಡ್ತೀರೇನ್ರಿ ಭಾಬಿ?" ಅಂದೆ.

"ಬ್ಯಾರೇದವ್ರಿಗಿ ಕೊಟ್ರ ಬೀಜ ಕಳೀತೈತಿ ಅನ್ನೂ ಹೆದರಿಕಿ ಅವ್ರಿಗಿ ಎಲ್ಲಿರತೈತ್ರಿ ಅಣ್ಣಾ?" ಅಂದಳು. "ನಿಮಗ ಐತಿ."